ನಾಲಗೆಯ ಉಪವಾಸ

ಮಂಗಳೂರಿನ ಪ್ರತಿ ಇಗರ್ಜಿಯಲ್ಲೂ ಇಂಥವನೊಬ್ಬ ಇರುತ್ತಾನೆ. ಕ್ಯಾಥೊಲಿಕ್ ಯುವಜನರ ಸಂಘಟನೆ ಐಸಿವೈಎಂ ಘಟಕದ ಕಾರ್ಯದರ್ಶಿ, ಗಾಯನ ಮಂಡಳಿಯಲ್ಲಿ ಗಿಟಾರು, ಭಾನುವಾರ ಪೂಜೆ ಮುಗಿದರೆ ಕ್ರಿಕೆಟ್ಟು. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಹಣೆಗೆ ಬೂದಿ ಬಿದ್ದೊಡನೆ ಉಳಿದವರು ಮಾಂಸ ಬಿಟ್ಟರೆ ಇವನು ಬೈಗುಳ ಬಿಡುತ್ತಾನೆ. 'ಮಾಂಸ ಬಿಡುವುದು ಎಂಥ ತ್ಯಾಗ ಮಾರಾಯ್ರೆ, ಬಂಗುಡೆ ಉಂಟಲ್ಲ?' ಎಂದು ಅವನ ವಾದ. ನ್ಯಾಯವೇ.

ಬಿಟ್ಟದ್ದೇನೋ ಬಿಟ್ಟ, ಖಾಲಿಯಾದ ಜಾಗಕ್ಕೆ ಏನು ತುಂಬುವುದು? ಸ್ಕೂಟರು ಪಂಪ್‌ವೆಲ್ ತಲುಪುವಾಗ ಕಷ್ಟ ಶುರು. (ಇಲ್ಲಿನ ಮೇಲ್ಸೇತುವೆ ಸುಮಾರು ಹತ್ತು ವರ್ಷ ಎಳೆದು 2020ರ ಜನವರಿಯಲ್ಲಿ ತೆರೆಯಿತು. ಆ ಕಾಲದಲ್ಲಿ ನಾಲಗೆ ಶುದ್ಧವಿಟ್ಟುಕೊಂಡವರ ಹೆಸರನ್ನು ಸಂತ ಪದವಿಗೆಂದು ರೋಮಿಗೆ ಕಳುಹಿಸಬೇಕಿತ್ತು.) ಎಡಗಡೆಯಿಂದ ಬಸ್ಸು ನುಗ್ಗುತ್ತದೆ. ಹುಡುಗ ಹಲ್ಲು ಕಡಿದು, 'ದೇವ್ ಬರೆಂ ಕರುಂ!' ಎಂದು ಅರಚುತ್ತಾನೆ. ದೇವರು ಒಳ್ಳೇದು ಮಾಡಲಿ ಎಂಬುದನ್ನು ಅಷ್ಟು ಕ್ರೂರವಾಗಿ ಹೇಳಬಹುದೆಂದು ಗೊತ್ತಿಲ್ಲದ ಡ್ರೈವರು, ಕಿಟಕಿಯಿಂದ ತಲೆ ಹಾಕಿ ತುಳುವಿನಲ್ಲಿ ಇವನ ಮೂರು ತಲೆಮಾರನ್ನು ವಿಚಾರಿಸುತ್ತಾನೆ.

ಮನೆಯಲ್ಲಿ ಅಜ್ಜಿ ಸಂಜೆಯ ತೇರ್ಸ್ (ಜಪಮಾಲೆ) ಹೇಳುತ್ತ, ಎರಡು 'ನಮಾನ್ ಮರಿಯೆ'ಗಳ ನಡುವೆ, ಮೀನಿಗೆ ಬಾಯಿ ಹಾಕಿದ ಬೆಕ್ಕಿಗೆ ಅಚ್ಚು ಹಾಕಲಾಗದ ಮಾತೊಂದನ್ನು ಎಸೆದು, ಲೆಕ್ಕ ತಪ್ಪದೆ ಮುಂದಿನ ಮಣಿಗೆ ಹೋಗುತ್ತಾಳೆ. ಮೊಮ್ಮಗ ಯಾಕೋಬನ ಪತ್ರದ ಮೂರನೆಯ ಅಧ್ಯಾಯ ತೆರೆದು ನಾಲಗೆಯ ಅಪಾಯ ವಿವರಿಸುತ್ತಾನೆ.

'ಯಾಕೋಬನ ಮನೆಯಲ್ಲಿ ಬೆಕ್ಕು ಇರಲಿಕ್ಕಿಲ್ಲ' ಎನ್ನುತ್ತಾಳೆ ಅಜ್ಜಿ.

ಕಳೆದ ತಪಸ್ಸುಕಾಲದಲ್ಲಿ ನಮ್ಮ ಓಣಿಯ ಹುಡುಗನಿಗೆ ದಾರಿ ತೋರಿಸಿದವರು ತಾಳಮದ್ದಲೆ ಹುಚ್ಚಿನ ನೆರೆಮನೆಯ ಭಟ್ಟರು. (ವೇಷ ಕಟ್ಟದೆ ಕೂತು, ಪಾತ್ರದ ಮಾತನ್ನು ಅಂದರೆ 'ಅರ್ಥ'ವನ್ನು ಹೇಳುವ ಯಕ್ಷಗಾನವೇ ತಾಳಮದ್ದಲೆ.) 'ನಿನ್ನದು ಬೈಗುಳವೂ ಅಲ್ಲ, ಆಶೀರ್ವಾದವೂ ಅಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳು. ಬಾಣ ತಾಗಿ ಬಿದ್ದವ ಬಿದ್ದಲ್ಲಿಂದಲೇ ರಾಮನನ್ನು ಹೇಗೆ ವಿಚಾರಿಸುತ್ತಾನೆ! ಹೊಲಸು ಶಬ್ದ ಒಂದಿಲ್ಲ, ಎಲ್ಲ ಮರ್ಯಾದೆಯ ಮಾತೇ. ಎದುರಿನ ಅರ್ಥಧಾರಿ ಮಾತ್ರ ಬೆವರಬೇಕು.' ಕರಾವಳಿಯವರು ನಿದ್ದೆಗೆಟ್ಟು ತಾಳಮದ್ದಲೆಗೆ ಕೂರುವುದು ಭಕ್ತಿಗಿಂತ ಈ ಜಗಳಕ್ಕೇ ಎಂದು ನನ್ನ ಗುಮಾನಿ.

ಹುಡುಗ ಇಯರ್‌ಫೋನು ಸಿಕ್ಕಿಸಿಕೊಂಡು ವಾಲಿಯನ್ನು ಪೂರ್ತಿ ಕುಡಿದ. ಮರುದಿನ ಸ್ಟೇಟ್‌ಬ್ಯಾಂಕ್ ನಿಲ್ದಾಣಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು ಇವನ ಕಾಲು ತುಳಿದದ್ದಲ್ಲದೆ, 'ಒಳಗೆ ಹೋಗಿ, ಒಳಗೆ' ಎಂದು ಗದರಿದ. ಹುಡುಗ ಕಂಬಿ ಹಿಡಿದು ಎದೆಯುಬ್ಬಿಸಿದ:

'ಅಯ್ಯಾ ಸಾರಥಿಯ ಸಖನೇ! ಒಳಗೆ ಎಂದೆಯಲ್ಲ, ಈ ರಥದಲ್ಲಿ ಒಳಗು ಎಂಬುದು ಎಲ್ಲಿ ಉಳಿದಿದೆ? ನನ್ನ ಪಾದದ ಮೇಲೆ ನಿಂತು ನನಗೇ ದಾರಿ ತೋರಿಸುವ ಧರ್ಮ ಯಾವ ಶಾಸ್ತ್ರದ್ದು?'

ಬಸ್ಸು ಗಪ್‌ಚಿಪ್. ಹಿಂದಿನ ಸೀಟಿನಿಂದ ಯಾರೋ ಅಜ್ಜ 'ಭಳಿರೇ' ಎಂದರು. ಕಂಡಕ್ಟರು ಟಿಕೆಟ್ ಯಂತ್ರವನ್ನು ಎದೆಗೊತ್ತಿ ತಲೆಬಾಗಿದ.

'ಅರ್ಥ ಮತ್ತೆ ಹೇಳುವಾ ಸ್ವಾಮೀ, ಚಿಲ್ಲರೆ ಉಂಟಾ?'