ಊರಿಗೆ ಹೋಗಿ ಕಾಗದ ಬರೆಯುತ್ತೇವೆ

ಹಿಂದಿನ ಕಾಲದಲ್ಲಿ ಹೆಣ್ಣು ನೋಡಲು ಬಂದ ವರನ ಕಡೆಯವರು, ಉಪ್ಪಿಟ್ಟು ಕೇಸರಿಬಾತುಗಳನ್ನು ಸಾವಕಾಶವಾಗಿ ಮುಗಿಸಿ, ಎಲೆಯಡಿಕೆ ಮೆಲ್ಲುತ್ತ, ‘ಊರಿಗೆ ಹೋಗಿ ಕಾಗದ ಬರೆಯುತ್ತೇವೆ’ ಎಂದು ಹೊರಟರೆಂದರೆ, ಆ ಕಾಗದವು ಎಂದಿಗೂ ಬಾರದೆಂಬುದು ಮನೆಯ ಬೆಕ್ಕಿಗೂ ವಿದಿತವಾಗಿರುತ್ತಿತ್ತು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಸೋದರಳಿಯನು ಇಂಟರ್ನ್‌ಶಿಪ್ಪಿಗಾಗಿ ಅಲೆಯತೊಡಗಿದ ಮೇಲೆ, ಆ ಸನಾತನ ವಾಕ್ಯವು ಇಮೇಲಿನ ರೂಪದಲ್ಲಿ ಪುನರ್ಜನ್ಮ ತಾಳಿರುವುದು ನನ್ನ ಅರಿವಿಗೆ ಬಂದಿತು. ವ್ಯತ್ಯಾಸವಿಷ್ಟೆ: ಇಲ್ಲಿ ಉಪ್ಪಿಟ್ಟಿನ ಖರ್ಚಿಲ್ಲ.

ಅನುಭವವಿಲ್ಲದವನಿಗೆ ಕೆಲಸ ಕೊಡರು; ಅನುಭವವನ್ನು ಗಳಿಸೋಣವೆಂದು ಇಂಟರ್ನ್‌ಶಿಪ್ಪನ್ನು ಬೇಡಿದರೆ, ‘ಪೂರ್ವಾನುಭವವುಂಟೆ?’ ಎನ್ನುವರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದ ನಮ್ಮ ಹಿರಿಯರು ತ್ರಿಕಾಲಜ್ಞಾನಿಗಳೇ ಸರಿ. 2024ರ ಆಯವ್ಯಯದಲ್ಲಿ ಕೇಂದ್ರ ಸರ್ಕಾರವು, 5 ವರ್ಷಗಳಲ್ಲಿ 1 ಕೋಟಿ ತರುಣರಿಗೆ 500 ಅಗ್ರಮಾನ್ಯ ಸಂಸ್ಥೆಗಳಲ್ಲಿ, ತಿಂಗಳಿಗೆ 5,000 ರೂಪಾಯಿ ಭತ್ಯದೊಡನೆ, ಇಂಟರ್ನ್‌ಶಿಪ್ ಒದಗಿಸುವ ಯೋಜನೆಯನ್ನು ಘೋಷಿಸಿದಾಗ ನಾನು ಹಿಗ್ಗಿದೆ. ಪೂರ್ಣಾವಧಿ ವ್ಯಾಸಂಗದಲ್ಲಿರುವವರಿಗೆ ಅದು ಸಲ್ಲದೆಂದು ತಿಳಿಸಿ ಸೋದರಳಿಯನೇ ನನ್ನ ಹಿಗ್ಗನ್ನು ಇಳಿಸಿದನು.

ಆದರೂ ಹುಡುಗನು ಧೃತಿಗೆಡುವವನಲ್ಲ. ಪ್ರತಿಯೊಂದು ನಿರಾಕರಣೆಯನ್ನೂ ನೋಟ್‌ಪುಸ್ತಕದಲ್ಲಿ ಬರೆದಿಟ್ಟು, ಸಂದರ್ಶನದಲ್ಲಿ ಉತ್ತರ ತೋಚದೆ ತಡವರಿಸಿದ ವಿಷಯವನ್ನು ಆ ರಾತ್ರಿಯೇ ಕಲಿತು, ಬೆಳಗಾಗುತ್ತಲೇ ಛಲ ಬಿಡದ ತ್ರಿವಿಕ್ರಮನಂತೆ ಮತ್ತೊಂದು ಅರ್ಜಿಯನ್ನು ಹೆಗಲಿಗೇರಿಸುತ್ತಾನೆ. ಮೊನ್ನೆ 37ನೆಯ ನಿರಾಕರಣೆ ಬಂದಾಗ ನಾನು ಸಂತೈಸಹೋದೆ. ಅವನು ನಕ್ಕು, ‘ಮಾವ, ಇವರು ಕಾಗದವನ್ನಾದರೂ ಬರೆದರಲ್ಲ!’ ಎಂದನು.