ಲಾಂಛನನಿಷ್ಠರ ಗುಣಗಾನ

2022ರಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಒಂದೇ ಒಡಲಿನ ಎರಡು ಕಾರು ಹೊರಬಂದವು. ಒಂದಕ್ಕೆ ಟೊಯೊಟಾ ಲಾಂಛನ ಹಚ್ಚಿ ಅರ್ಬನ್ ಕ್ರೂಸರ್ ಹೈರೈಡರ್ ಎಂದು ಕರೆದರು. ಇನ್ನೊಂದಕ್ಕೆ ಸುಜುಕಿಯ ಎಸ್ ಹಚ್ಚಿ, ಗ್ರ್ಯಾಂಡ್ ವಿಟಾರಾ ಎಂದು ಹೆಸರಿಟ್ಟು ಮಾರುತಿಯ ನೆಕ್ಸಾ ಶೋರೂಮಿಗೆ ಕಳಿಸಿದರು. ಮೂತಿ, ದೀಪ, ಬಂಪರುಗಳಲ್ಲಿ ಒಂದಿಷ್ಟು ವ್ಯತ್ಯಾಸ ಮಾಡಿದ್ದರು. ತಮಾಷೆಯೆಂದರೆ, ಮೈಲ್ಡ್ ಹೈಬ್ರಿಡ್ ಹೈರೈಡರಿನ ಬಾನೆಟ್ ಎತ್ತಿದರೆ ಕಾಣುವುದು ಸುಜುಕಿ ಎಂಜಿನ್. ಸ್ಟ್ರಾಂಗ್ ಹೈಬ್ರಿಡ್ ಗ್ರ್ಯಾಂಡ್ ವಿಟಾರಾದ ಬಾನೆಟ್ ಎತ್ತಿದರೆ ಟೊಯೊಟಾ ಎಂಜಿನ್. ಇದನ್ನು ಕೇಳಿ ನಿಮಗೆ ತಲೆ ಗಿರ್ರೆಂದರೆ ತಪ್ಪು ನಿಮ್ಮದೇ. ಬಾನೆಟ್ ಎತ್ತಿದ್ದು ಯಾಕೆ? ಅದನ್ನು ಮುಟ್ಟದೆಯೇ ‘ಟೊಯೊಟಾ ಟೊಯೊಟಾನೇ’ ಅಥವಾ ‘ಮಾರುತಿ ಬಿಟ್ಟು ಬೇರೆ ಗಾಡಿ ಕಣ್ಣೆತ್ತಿ ನೋಡಲ್ಲ’ ಎಂದು ಇತ್ಯರ್ಥ ಮಾಡಬಲ್ಲ ಮಹನೀಯರು ನಮ್ಮ ನಡುವೆ ಇದ್ದಾರೆ. ಈ ಲೇಖನ ಅವರಿಗೆ ಅರ್ಪಣೆ.

ಹಾಸನದಲ್ಲಿರುವ ನಮ್ಮ ಸೋದರಮಾವ ಈ ಪಂಗಡದ ಹಿರಿಯರು. 2000ದಲ್ಲಿ ಟೊಯೊಟಾದ ಕ್ವಾಲಿಸ್ ಬಂದಾಗ ಕ್ವಾಲಿಸ್ ಕೊಂಡರು. 2005ರಲ್ಲಿ, ಅದು ಚೆನ್ನಾಗಿಯೇ ಮಾರಾಟವಾಗುತ್ತಿದ್ದಾಗಲೇ, ಕಂಪನಿ ಅದನ್ನು ನಿಲ್ಲಿಸಿ ಇನ್ನೋವಾ ತಂದಿತು. ಮಾವ ಇನ್ನೋವಾ ತಂದರು.

“ಅಷ್ಟು ಒಳ್ಳೆ ಗಾಡೀನ ನಿಲ್ಲಿಸಿಬಿಟ್ರಲ್ಲ ಮಾವ, ಬೇಜಾರಾಗ್ಲಿಲ್ವಾ?”

“ಏನೋ ಯೋಚನೆ ಮಾಡೇ ಮಾಡಿರ್ತಾರೆ ಕಣೋ. ಅವರಿಗೆ ಗೊತ್ತಿಲ್ದೇ ಇರುತ್ತಾ?”

ಸ್ವಂತ ಮಗ ಎಂಜಿನಿಯರಿಂಗ್ ಬಿಡುತ್ತೇನೆಂದಾಗ ಈ ಔದಾರ್ಯದ ಒಂದು ಹನಿಯೂ ಅವರ ಬಾಯಿಂದ ಉದುರಿರಲಿಲ್ಲ. ಅದಿರಲಿ.

ನಿಷ್ಠೆಯ ನಿಜವಾದ ಪರೀಕ್ಷೆ ನಡೆದದ್ದು 2019ರ ಜೂನ್‌ನಲ್ಲಿ. ಗುಜರಾತಿನ ಹಾನ್ಸಲ್‌ಪುರದಲ್ಲಿ ಸುಜುಕಿ ತಯಾರಿಸುತ್ತಿದ್ದ ಬಲೆನೋ ಕಾರಿಗೆ ಟೊಯೊಟಾ ತನ್ನ ಲಾಂಛನ ಹಚ್ಚಿ ಗ್ಲಾಂಜಾ ಎಂದು ಮಾರತೊಡಗಿತು. ಬಲೆನೋಗೆ ಮಾರುತಿ ಕೊಡುತ್ತಿದ್ದ ವಾರಂಟಿ ಎರಡು ವರ್ಷ ಅಥವಾ 40,000 ಕಿಲೋಮೀಟರ್. ಗ್ಲಾಂಜಾಗೆ ಟೊಯೊಟಾ ಕೊಟ್ಟದ್ದು ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್. ಅದೇ ಕಾರ್ಖಾನೆ, ಅದೇ ತಗಡು, ಅದೇ ನಟ್ಟು ಬೋಲ್ಟು. ಲಾಂಛನ ಬದಲಾದೊಡನೆ ಯಂತ್ರದ ಆಯುಸ್ಸಿನ ಮೇಲೆ ಕಂಪನಿಗಳಿಗಿರುವ ಭರವಸೆ 60,000 ಕಿಲೋಮೀಟರಿನಷ್ಟು ಹೆಚ್ಚಿತು. ಲೆಕ್ಕಾಚಾರದ ಜನ ಆ ಹೆಚ್ಚುವರಿ ವರ್ಷಕ್ಕೆ ಆಸೆಪಟ್ಟು ಗ್ಲಾಂಜಾ ಕೊಂಡರು. ಮಾರುತಿನಿಷ್ಠರು ಕದಲಲಿಲ್ಲ. ಪುಕ್ಕಟೆ ಸಿಗುತ್ತಿದ್ದ ವಾರಂಟಿಯನ್ನು ಕಾಲಲ್ಲಿ ಒದ್ದು ಬಲೆನೋದ ಕೀಲಿಕೈ ಹಿಡಿದರು. ಟೊಯೊಟಾನಿಷ್ಠರೂ ಕಮ್ಮಿಯಲ್ಲ, ‘ಎಂಥದೇ ಹೇಳಿ, ಟೊಯೊಟಾ ಬಿಲ್ಡ್ ಕ್ವಾಲಿಟಿ ಬೇರೆ’ ಎನ್ನುತ್ತ ಗ್ಲಾಂಜಾದ ಬಾಗಿಲು ಹಾಕಿ, ಆ ‘ಧಡ್’ ಸದ್ದಿಗೆ ಕಿವಿಗೊಟ್ಟು ತಲೆದೂಗಿದರು. ಸದ್ದು ಸುಜುಕಿಯದು, ತಲೆದೂಗು ಟೊಯೊಟಾಗೆ. 2024ರಲ್ಲಿ ಮಾರುತಿಯೂ ವಾರಂಟಿಯನ್ನು ಮೂರು ವರ್ಷ, ಒಂದು ಲಕ್ಷ ಕಿಲೋಮೀಟರಿಗೆ ಏರಿಸಿ ತನ್ನವರ ತ್ಯಾಗಕ್ಕಿದ್ದ ಅವಕಾಶವನ್ನೇ ಕಿತ್ತುಕೊಂಡಿತು.

ಒಂದೇ ಕಂಪನಿಯೊಳಗೂ ನಿಷ್ಠೆಗೆ ಮೇಲು ಕೆಳಗು ಇರಬೇಕೆಂಬುದನ್ನು ಮಾರುತಿ 2015ರಲ್ಲೇ ಕಂಡುಕೊಂಡಿತ್ತು. ನೆಕ್ಸಾ ಎಂಬ ಬೇರೆ ಶೋರೂಮು ತೆರೆದು, ಕಪ್ಪು ಬಿಳಿ ಒಳಾಂಗಣ ಮಾಡಿ, ಬಲೆನೋವನ್ನು ಅಲ್ಲಿಟ್ಟಿತು. ಸ್ವಿಫ್ಟ್ ಹಳೆಯ ಮನೆಯಲ್ಲೇ ಉಳಿಯಿತು. ಆ ಮನೆಗೆ ಆಮೇಲೆ ಅರೀನಾ ಎಂದು ಹೆಸರಾಯಿತು. ಎರಡೂ ನಿಂತಿರುವುದು ಹಾರ್ಟೆಕ್ಟ್ ಎಂಬ ಒಂದೇ ಅಡಿಪಾಯದ ಮೇಲೆ. ಟಾಪ್ ಎಂಡ್ ಸ್ವಿಫ್ಟಿನ ದುಡ್ಡಿಗೆ ಮಧ್ಯದ ಮಾದರಿಯ ಬಲೆನೋ ಬರುತ್ತದೆ; ಡಿಕ್ಕಿ ದೊಡ್ಡದು, ಹಿಂದಿನ ಸೀಟಿನಲ್ಲಿ ಅತ್ತೆಯವರು ಕಾಲು ಚಾಚಬಹುದು. ಆದರೆ ನಿಷ್ಠ ಗಿರಾಕಿ ಎರಡು ಶೋರೂಮಿಗೂ ಹೋಗಿ ಬೆಲೆಪಟ್ಟಿ ಪಕ್ಕಪಕ್ಕ ಇಟ್ಟು ನೋಡುವ ಕ್ಷುದ್ರ ಕೆಲಸಕ್ಕೆ ಇಳಿಯುವುದಿಲ್ಲ. ‘ನಮ್ಮದು ಸ್ವಿಫ್ಟ್ ಫ್ಯಾಮಿಲಿ’ ಎನ್ನುತ್ತಾನೆ. ಅತ್ತೆಯವರು ಬಸ್ಸಿನಲ್ಲಿ ಬರುತ್ತಾರೆ.

ಇನ್ನು ರೀಸೇಲ್. ನಿಷ್ಠರನ್ನು ಸ್ವಾರ್ಥಿಗಳೆನ್ನುವವರು ಇದೊಂದನ್ನು ಗಮನಿಸಬೇಕು. ಹತ್ತು ವರ್ಷ ಕಳೆದ ಮೇಲೆ ಎಲ್ಲಿಂದಲೋ ಬರಲಿರುವ ಒಬ್ಬ ಅಪರಿಚಿತನ ಇಷ್ಟಾನಿಷ್ಟಗಳನ್ನು ಇವರು ಇಂದೇ ವಿಚಾರಿಸಿಕೊಳ್ಳುತ್ತಾರೆ. ಹೆಂಡತಿಗೆ ಕೆಂಪು ಬಣ್ಣ ಇಷ್ಟ, ಆದರೆ ಅವನಿಗೆ ಬಿಳಿಯದೇ ಬೇಕಾದೀತು, ಬಿಳಿ ತರುತ್ತಾರೆ. ಅವನಿಗೆ ಕೊಳೆಯಾಗದಿರಲೆಂದು ಸೀಟಿನ ಪ್ಲಾಸ್ಟಿಕ್ ವರ್ಷಗಟ್ಟಲೆ ತೆಗೆಯುವುದಿಲ್ಲ. ಹುಟ್ಟುವ ಮೊಮ್ಮಗನಿಗೂ ಯಾರೂ ಇಷ್ಟು ಮುಂಚಿತವಾಗಿ ಏರ್ಪಾಡು ಮಾಡಿದ್ದನ್ನು ನಾನು ಕಾಣೆ.

ನಿಷ್ಠೆಯಿಂದ ರಾಜ್ಯದ ಬೊಕ್ಕಸಕ್ಕೂ ಲಾಭವಿದೆ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದವರೆಗಿನ ಕಾರಿಗೆ ಜೀವಾವಧಿ ತೆರಿಗೆ 17%, ಇಪ್ಪತ್ತು ದಾಟಿದರೆ 18%, ಅದರ ಮೇಲೆ ಸೆಸ್ ಬೇರೆ. ಹೀಗಾಗಿ ಹದಿನೈದು ಲಕ್ಷದ ಆಸುಪಾಸಿನ ಎರಡು ಅವಳಿ ಕಾರುಗಳಲ್ಲಿ ಲಾಂಛನಕ್ಕಾಗಿ ಐವತ್ತು ಸಾವಿರ ಹೆಚ್ಚು ಕೊಟ್ಟಿರೆಂದರೆ, ಆ ಲಾಂಛನಕ್ಕೇ 8,500 ರೂಪಾಯಿ ತೆರಿಗೆ ಕಟ್ಟಿದಿರಿ ಎಂದಾಯಿತು. ದೇಶದಲ್ಲಿ ಭಾವನೆಯ ಮೇಲೆ ಇಷ್ಟು ಪ್ರಾಮಾಣಿಕವಾಗಿ ತೆರಿಗೆ ಕಟ್ಟುವ ವರ್ಗ ಬೇರೊಂದಿಲ್ಲ.

ಎಂಜಿನ್ ನೋಡಿ ಕಾರು ಕೊಳ್ಳಬೇಕು ಎಂದು ವಾದಿಸುವ ಪಂಡಿತರಿಗೆ ಫಿಯೆಟ್ ಕಂಪನಿಯ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ನಿನ ಕಥೆ ಹೇಳಿದರೆ ಸಾಕು. ಸ್ವಿಫ್ಟ್, ಡಿಸೈರ್‌ಗಳಲ್ಲಿ ಡಿಡಿಐಎಸ್ ಎಂಬ ಹೆಸರಲ್ಲಿ, ಟಾಟಾ ಕಾರುಗಳಲ್ಲಿ ಕ್ವಾಡ್ರಾಜೆಟ್ ಎಂಬ ಹೆಸರಲ್ಲಿ ಅದೇ ಎಂಜಿನ್ ಊರೂರು ಸುತ್ತಿತು. ಜನ ಹಾಡಿ ಹೊಗಳಿದರು. ಅದನ್ನು ಹೆತ್ತ ಫಿಯೆಟ್ಟೇ ಪುಂಟೊ, ಲಿನಿಯಾಗಳಲ್ಲಿ ಅದನ್ನೇ ಇಟ್ಟು ಮಾರಲು ಕೂತರೆ, ‘ಫಿಯೆಟ್ಟಾ? ಬೇಡಪ್ಪಾ’ ಎಂದರು. ಹಾಗೆಂದವರು ಪೂರ್ತಿ ದಡ್ಡರೂ ಅಲ್ಲ ಎನ್ನಿ. ಶಿರಸಿಯಲ್ಲೋ ಸಿಂಧನೂರಲ್ಲೋ ಗಾಡಿ ಕೆಟ್ಟು ನಿಂತಾಗ ಯಾವ ಸ್ಪೇರ್ ಅಂಗಡಿಯಲ್ಲಿದೆ, ಯಾವ ಮೆಕ್ಯಾನಿಕ್‌ಗೆ ಅದರ ಗುಣ ಗೊತ್ತು ಎಂಬುದೂ ಬೆಲೆಯ ಲೆಕ್ಕದಲ್ಲೇ ಸೇರುತ್ತದೆ. 2017ರಲ್ಲಿ ಷೆವರ್ಲೆ ಮಾರಾಟ ನಿಲ್ಲಿಸಿದಾಗ, 2021ರಲ್ಲಿ ಫೋರ್ಡ್ ಇಲ್ಲಿನ ತಯಾರಿಕೆಗೆ ಬಾಗಿಲು ಹಾಕುತ್ತೇನೆಂದಾಗ ಆ ಕಾರುಗಳ ಒಡೆಯರ ಮುಖ ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಆದರೆ ಇದನ್ನು ಒಪ್ಪಿಕೊಂಡರೆ ನಿಷ್ಠೆ ಲೆಕ್ಕಾಚಾರದ ಮಟ್ಟಕ್ಕೆ ಇಳಿದುಬಿಡುತ್ತದೆ. ಆದ್ದರಿಂದ ಮುಂದೆ ಹೋಗೋಣ.

ಮಾವನಿಗೆ ಇನ್ನೋವಾ ಹೈಕ್ರಾಸ್ ಬೇಕೆನಿಸಿತು. ಮೂಲ ಮಾದರಿ ಸಾಲದು, ಟಾಪ್ ಎಂಡೇ ಆಗಬೇಕು. 2023ರ ಏಪ್ರಿಲ್‌ನಲ್ಲಿ ಕಂಪನಿ ಆ ಮೇಲ್ದರ್ಜೆಯ ಮಾದರಿಗಳಿಗೆ ಬುಕಿಂಗ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಆ ಜುಲೈನಲ್ಲಿ ಅದೇ ಬಿಡದಿಯ ಅದೇ ಗಾಡಿ ಇನ್ವಿಕ್ಟೋ ಎಂಬ ಹೆಸರಲ್ಲಿ ಮಾರುತಿ ಶೋರೂಮಿಗೆ ಬಂತು.

“ಮಾವ, ಅದನ್ನೇ ನೋಡಬಹುದಲ್ಲ? ಎರಡೂ ಒಂದೇ.”

“ಒಂದೇ ಆದ್ರೆ ಟೊಯೊಟಾ ಅಂತ ಯಾಕೆ ಬರೆದಿಲ್ಲ? ಮೂವತ್ತು ಲಕ್ಷ ಕೊಟ್ಟು ಮಾರುತಿ ತಂದ್ರು ಅಂತ ಜನ ಆಡ್ಕೊಳ್ಳಲ್ವಾ?”

“ಬಿಡದೀಲೇ ಮಾಡೋದು ಮಾವ, ಟೊಯೊಟಾದವರೇ.”

“ಮಾಡೋವಾಗ ಟೊಯೊಟಾನೇ ಇರಬಹುದು ಕಣೋ. ಆಮೇಲೆ ಕೈಬಿಟ್ಟು ಹೋಯ್ತಲ್ಲ.”

ಇದಕ್ಕೆ ಉತ್ತರ ಯಾವ ಆಟೊಮೊಬೈಲ್ ಎಂಜಿನಿಯರ್ ಬಳಿಯೂ ಇಲ್ಲ. ಮಾವ ಕಾದರು, ಹೈಕ್ರಾಸನ್ನೇ ತಂದರು, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿದರು.

ಈಗ ಬ್ಯಾಟರಿ ಕಾರಿನ ಮಾತು ನಡೆದಿದೆ. ಸುಜುಕಿ ತನ್ನ ಇ-ವಿಟಾರಾವನ್ನು ಹಾನ್ಸಲ್‌ಪುರದಲ್ಲಿ ತಯಾರಿಸುತ್ತಿದೆ. ಅದೇ ಕಾರನ್ನು ಅರ್ಬನ್ ಕ್ರೂಸರ್ ಎಂಬ ಹೆಸರಲ್ಲಿ ಟೊಯೊಟಾ ತನ್ನದಾಗಿ ತೋರಿಸಿದೆ. ಎರಡರ ಬಗ್ಗೆಯೂ ಓದಿ ಮುಗಿಸಿದ ಮಾವ ಮೊನ್ನೆ ಫೋನಿನಲ್ಲಿ ಗುಟ್ಟಿನ ದನಿಯಲ್ಲಿ ಹೇಳಿದರು: “ಸುಜುಕಿಯವರ ಬ್ಯಾಟರಿ ನಂಬಬಾರ್ದು ಕಣೋ. ನೀನು ಬುಕ್ ಮಾಡೋ ಹಾಗಿದ್ರೆ ಸ್ವಲ್ಪ ತಡಿ. ನಮ್ಮ ಟೊಯೊಟಾದ್ದು ಬರ್ಲಿ.”