ಡ್ರಿಲ್ ಬ್ಯಾಟರಿಯ ಪರಕಾಯ ಪ್ರವೇಶ: ಒಂದು ದ್ವಿಚಕ್ರ ಮೀಮಾಂಸೆ

ಗೋಡೆಗೆ ತೂತು ಕೊರೆಯಲೆಂದು ಹುಟ್ಟಿದ ಬ್ಯಾಟರಿ ಸೈಕಲ್ಲನ್ನು ಓಡಿಸಬಹುದೇ? ಓಡಿಸಿದರೆ ಅದು ಸ್ವಧರ್ಮವೋ ಪರಧರ್ಮವೋ? ಕನ್ನಡದ ವಿದ್ವಲ್ಲೋಕ ಈ ಪ್ರಶ್ನೆಯನ್ನು ಇದುವರೆಗೆ ಕೈಗೆತ್ತಿಕೊಂಡಂತಿಲ್ಲ. ಯಾರೂ ಕೈಹಾಕದ ವಿಷಯವೆಂಬುದೇ ಸಂಶೋಧನೆಗೆ ಸಾಕಾದ ಅರ್ಹತೆಯೆಂದು ನಮ್ಮ ವಿಶ್ವವಿದ್ಯಾಲಯಗಳು ಬಹುಕಾಲದಿಂದ ಒಪ್ಪಿಕೊಂಡು ಬಂದಿರುವುದರಿಂದ, ಯಾಕೆ ಯಾರೂ ಕೈಹಾಕಿಲ್ಲವೆಂದು ವಿಚಾರಿಸುವ ಗೋಜಿಗೆ ಪ್ರಸ್ತುತ ಲೇಖಕ ಹೋಗಿಲ್ಲ. ಒಂದು ಅಧಿಕರಣವೆಂದರೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳಿರಬೇಕೆಂಬುದು ಮೀಮಾಂಸಕರ ಕಟ್ಟಳೆ. ಇಲ್ಲಿ ಸಂಶಯಕ್ಕೆ ಉಳಿದವಕ್ಕಿಂತ ಹೆಚ್ಚು ಜಾಗ ಸಿಕ್ಕಿದ್ದರೆ, ಅದು ಲಿಥಿಯಂ ಬ್ಯಾಟರಿಯ ಪಕ್ಕ ಕೂತು ಬರೆದವನ ಸಹಜ ಎಚ್ಚರವೆಂದು ಓದುಗರು ಭಾವಿಸಬೇಕು.

ವಿಷಯ

ಮನೆಯಲ್ಲಿ ವೈರಿಲ್ಲದ ಡ್ರಿಲ್ ಒಂದಿದೆ. ಗೃಹಪ್ರವೇಶದ ಮಾರನೆಯ ದಿನ ದೇವರ ಪಟ, ಗಡಿಯಾರ, ಕರ್ಟನ್ ರಾಡು ನೇತುಹಾಕಿ ಮುಗಿದ ಮೇಲೆ ಅದರ ಬ್ಯಾಟರಿಗೆ ವರ್ಷಪೂರ್ತಿ ರಜೆ. ಅದೇ ಮನೆಯ ಮೆಟ್ಟಿಲ ಕೆಳಗೆ ಸೈಕಲ್ಲಿದೆ. ಅದರ ಚಕ್ರಕ್ಕೆ 36 ವೋಲ್ಟ್, 250 ವ್ಯಾಟ್‌ನ ಹಬ್ ಮೋಟರ್ ಕೂರಿಸಬಹುದು. ಆದರೆ ಅದಕ್ಕೆಂದೇ ಮಾಡಿದ ಬ್ಯಾಟರಿಯ ಬೆಲೆ ಕೇಳಿದ ಕೂಡಲೇ ಪೆಡಲ್ ತುಳಿಯುವುದು ಆರೋಗ್ಯಕ್ಕೆ ಒಳ್ಳೆಯದೆಂಬ ಜ್ಞಾನೋದಯವಾಗುತ್ತದೆ. ಒಂದು ಕಡೆ ನಿರುದ್ಯೋಗಿ ಶಕ್ತಿ, ಇನ್ನೊಂದು ಕಡೆ ಶಕ್ತಿಯಿಲ್ಲದ ಉದ್ಯೋಗ. ಇವೆರಡನ್ನು ಕೂಡಿಸುವ ಯೋಚನೆ ಭೂಮಂಡಲದ ಎಲ್ಲ ಶೆಡ್ಡುಗಳಲ್ಲೂ ಹುಟ್ಟಿದೆ. ಹುಟ್ಟಿದಲ್ಲೆಲ್ಲ ಹೆಂಡತಿಯರು ಬೇಡವೆಂದಿರುತ್ತಾರೆ ಎಂಬುದು ಅನುಮಾನ ಪ್ರಮಾಣ.

ಇತಿಹಾಸ ಹೇಳದ ಪ್ರಬಂಧಕ್ಕೆ ತೂಕ ಬರುವುದಿಲ್ಲ. 1881ರಲ್ಲಿ ಗುಸ್ತಾವ್ ತ್ರೂವೆ ಎಂಬಾತ ಮೂರು ಚಕ್ರದ ಸೈಕಲ್ಲಿಗೆ ಮೋಟರು, ಬ್ಯಾಟರಿ ಕಟ್ಟಿ ಪ್ಯಾರಿಸಿನ ಬೀದಿಯಲ್ಲಿ ಓಡಿಸಿದ. 1895ರ ಡಿಸೆಂಬರ್ 31ರಂದು ಅಮೆರಿಕದ ಓಗ್ಡೆನ್ ಬೋಲ್ಟನ್ ಹಿಂಚಕ್ರದ ನಡುವೆಯೇ ಮೋಟರು ಅಡಗಿಸಿದ ಸೈಕಲ್ಲಿಗೆ ಪೇಟೆಂಟ್ ಪಡೆದ; ಈಗಿನ ಹಬ್ ಮೋಟರಿನ ಮುತ್ತಜ್ಜ ಅದು. ಇದು ಸೈಕಲ್ಲಿನ ವಂಶ. ಡ್ರಿಲ್ಲಿನ ವಂಶ ಬೇರೆ. ವೈರಿಲ್ಲದ ಡ್ರಿಲ್ಲನ್ನು ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ 1961ರಲ್ಲಿ ಹೊರತಂದಿತು, ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಜತೆ. ಹತ್ತು ವರ್ಷದ ನಂತರ, 1971ರಲ್ಲಿ, ಎರಡೂ ವಂಶಗಳು ಮುಖಾಮುಖಿಯಾದದ್ದು ಚಂದ್ರನ ಮೇಲೆ. ಅಪೊಲೊ 15ರಲ್ಲಿ ಹೋದ ಗಾಡಿ ಬ್ಯಾಟರಿಯಿಂದ ಓಡುತ್ತಿತ್ತು. ಅದೇ ನೌಕೆಯಲ್ಲಿ ಹೋದ ಡ್ರಿಲ್ ಕೂಡ ಬ್ಯಾಟರಿಯಿಂದಲೇ ತಿರುಗುತ್ತಿತ್ತು. ಗಾಡಿಯಲ್ಲಿದ್ದವು ಬೆಳ್ಳಿ-ಸತುವಿನ ಎರಡು ಬ್ಯಾಟರಿಗಳು, ಒಂದೊಂದೂ 36 ವೋಲ್ಟಿನದು. ನಮ್ಮ ಸೈಕಲ್ ಕಿಟ್ ಕೇಳುವುದೂ ಅದೇ 36. ಆದರೂ ಗಾಡಿಗೆ ಗಾಡಿಯದೇ ಬ್ಯಾಟರಿ, ಡ್ರಿಲ್ಲಿಗೆ ಡ್ರಿಲ್ಲಿನದೇ ಬ್ಯಾಟರಿ. ಡ್ರಿಲ್ಲು ಚಂದ್ರನ ನೆಲದಲ್ಲಿ ಕಚ್ಚಿಕೊಂಡು ಗಗನಯಾತ್ರಿಗಳಾದ ಡೇವಿಡ್ ಸ್ಕಾಟ್ ಮತ್ತು ಜೇಮ್ಸ್ ಇರ್ವಿನ್ ಇಬ್ಬರೂ ಸೇರಿ ಎಳೆಯಬೇಕಾಯಿತು. ಪಕ್ಕದಲ್ಲೇ ನಿಂತಿದ್ದ ಗಾಡಿಯ ಬ್ಯಾಟರಿಗೂ ಅದಕ್ಕೂ ಸಂಬಂಧವಿರಲಿಲ್ಲ. ಸುಮಾರು ಮೂರು ಲಕ್ಷ ಎಂಬತ್ತು ಸಾವಿರ ಕಿಲೋಮೀಟರ್ ದೂರ ಹೋದರೂ ಬಿಡದ ಈ ಮಡಿ ಮೈಲಿಗೆ, ಶೆಡ್ಡಿನಲ್ಲಿ ಒಂದು ಮಧ್ಯಾಹ್ನಕ್ಕೆ ಬಿಟ್ಟೀತೆಂದು ಆಶಿಸುವುದು ಸಾಹಸವೇ ಸರಿ.

ಪಾಠಾಂತರ

ಬ್ಯಾಟರಿಯ ಡಬ್ಬಿ ಬಿಚ್ಚಿದರೆ (ಬಿಚ್ಚಬಾರದು) ಒಳಗೆ ಸಾಮಾನ್ಯವಾಗಿ ಕಾಣುವುದು 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದದ ಸಿಲಿಂಡರ್ ಸೆಲ್‌ಗಳು. ಒಂದೊಂದರ ನಡುಮಟ್ಟದ ವೋಲ್ಟೇಜು 3.6. ಅಂಥ ಐದನ್ನು ಸಾಲಾಗಿ ಜೋಡಿಸಿದರೆ 18 ವೋಲ್ಟು. ತುಂಬ ಚಾರ್ಜಾದಾಗ ಪ್ರತಿ ಸೆಲ್ 4.2ಕ್ಕೆ ಏರುವುದರಿಂದ ಒಟ್ಟು 21. ಇಷ್ಟರ ತನಕ ವಿವಾದವಿಲ್ಲ. ಡಬ್ಬಿಯ ಮೇಲಿನ ಬರಹಕ್ಕೆ ಬಂದರೆ ಎರಡು ಪಾಠಗಳು ಸಿಗುತ್ತವೆ. ಡಿವಾಲ್ಟ್ ಕಂಪನಿಯ ಒಂದೇ ಬಗೆಯ ಬ್ಯಾಟರಿ ಯುರೋಪಿನ ಪಾಠದಲ್ಲಿ 18 ವೋಲ್ಟ್, ಅಮೆರಿಕದ ಪಾಠದಲ್ಲಿ 20 ವೋಲ್ಟ್ ಮ್ಯಾಕ್ಸ್. ಅಟ್ಲಾಂಟಿಕ್ ಸಾಗರ ದಾಟುವಾಗ ಎರಡು ವೋಲ್ಟು ಎಲ್ಲಿ ಸೇರಿದವು? ಗ್ರಂಥ ಸಂಪಾದನೆಯ ನಿಯಮದಂತೆ ಇವೆರಡನ್ನು ಪ್ರಕ್ಷಿಪ್ತವೆಂದು ಕಂಸದಲ್ಲಿ ಇಡಬೇಕು. ಲಿಪಿಕಾರನ ಕೈತಪ್ಪಲ್ಲ, ಮಾರಾಟ ವಿಭಾಗದ ಕೈಚಳಕ. ಭಾರ ಬೀಳುವ ಮೊದಲಿನ ಅಂಕೆಯನ್ನು ಹಿಡಿದು ಬರೆದರೆ 20. ದುಡಿಯುವಾಗಿನ ಅಂಕೆ ಬರೆದರೆ 18. ಸಂಬಳ ಹೇಳುವಾಗ ಕಡಿತಕ್ಕೆ ಮುಂಚಿನದನ್ನು ಹೇಳುವ ಪದ್ಧತಿ ನಮ್ಮಲ್ಲೂ ಇಲ್ಲದಿಲ್ಲ.

ಸಗೋತ್ರ ವಿಚಾರ

36 ಬೇಕು, ಇರುವುದು 18. ಹಾಗಾಗಿ ಎರಡು ಬ್ಯಾಟರಿಗಳನ್ನು ಸೀರೀಸಿನಲ್ಲಿ ಸೇರಿಸಬೇಕು. ಇಲ್ಲಿ ಶಾಸ್ತ್ರದ ಮುಖ್ಯ ತೊಡಕು ಎದುರಾಗುತ್ತದೆ. ಮನುಷ್ಯರ ಮದುವೆಯಲ್ಲಿ ಸಗೋತ್ರ ನಿಷಿದ್ಧ. ಬ್ಯಾಟರಿಗಳ ಮದುವೆಯಲ್ಲಿ ಸಗೋತ್ರವೇ ಕಡ್ಡಾಯ. ಒಂದೇ ಕಂಪನಿ, ಒಂದೇ ಆಂಪಿಯರ್-ಅವರ್, ಒಂದೇ ವಯಸ್ಸು, ಹೊರಡುವಾಗ ಒಂದೇ ಮಟ್ಟದ ಚಾರ್ಜು. ಇಷ್ಟು ಕೂಟ ಕೂಡಿಬರದ ಜೋಡಿಯ ಗತಿ ಏನೆಂಬುದು ಮುಂದಿನ ಅಧಿಕರಣದ ವಿಷಯ.

ಗೋತ್ರಗಳ ಬೇಲಿಯಂತೂ ಗಟ್ಟಿ. ಒಬ್ಬರ ಬ್ಯಾಟರಿ ಇನ್ನೊಬ್ಬರ ಡ್ರಿಲ್ಲಿನೊಳಗೆ ಜಾರದಂತೆ ಪ್ಲಾಸ್ಟಿಕ್ಕಿನ ಒಂದೆರಡು ಗೆರೆ, ಒಂದು ಉಬ್ಬು ಸಾಕು. ಒಳಗಿನ ಸೆಲ್ ಒಂದೇ ಕಾರ್ಖಾನೆಯದಾಗಿದ್ದರೂ ಉಬ್ಬು ಬೇರೆ. ಬಾಷ್ ಕಂಪನಿಯನ್ನೇ ನೋಡಿ. ಬೆಂಗಳೂರಿಗರು ಇನ್ನೂ ಮೈಕೋ ಎಂದೇ ಕರೆಯುವ, ಬಡಾವಣೆಯೊಂದಕ್ಕೆ ಹೆಸರು ಕೊಟ್ಟ ಸಂಸ್ಥೆಯ ತಾಯಿಮನೆ ಅದು. ಅದು ಡ್ರಿಲ್ಲಿಗೂ ಬ್ಯಾಟರಿ ಮಾಡುತ್ತದೆ, ಎಲೆಕ್ಟ್ರಿಕ್ ಸೈಕಲ್ಲಿಗೂ ಬ್ಯಾಟರಿ ಮಾಡುತ್ತದೆ. ಅಲ್ಲಿ ಐದು ಸೆಲ್ ಸಾಲು, ಇಲ್ಲಿ ಹತ್ತು ಸೆಲ್ ಸಾಲು. ಗಣಿತದಲ್ಲಿ ಸರಿಯಾಗಿ ಎರಡರಷ್ಟು. ಆದರೂ ಒಂದು ಇನ್ನೊಂದರ ಮನೆಗೆ ಕಾಲಿಡುವಂತಿಲ್ಲ. ಕಂಪನಿಗಳು ಡ್ರಿಲ್ಲನ್ನು ಬ್ಯಾಟರಿಯಿಲ್ಲದೆ ಅಗ್ಗಕ್ಕೆ ಕೊಟ್ಟು, ಬ್ಯಾಟರಿಯಲ್ಲಿ ಗಿರಾಕಿಯನ್ನು ಕಟ್ಟಿಹಾಕುವುದು ಲೋಕಪ್ರಸಿದ್ಧ. ಒಮ್ಮೆ ಒಂದು ಗೋತ್ರಕ್ಕೆ ಸೇರಿದವನು ಆಮೇಲೆ ಗರಗಸ ಕೊಂಡರೂ ಬ್ಲೋವರ್ ಕೊಂಡರೂ ಅಲ್ಲೇ ಕೊಳ್ಳುತ್ತಾನೆ. ನನ್ನ ಮನೆಯಲ್ಲಿ ನನ್ನ ಡ್ರಿಲ್ಲಿನ ಗೋತ್ರದ ಬ್ಯಾಟರಿ ಒಂದೇ ಇದ್ದದ್ದರಿಂದ, ಎರಡನೆಯದನ್ನು ನಮ್ಮ ಬೀದಿಯ ಬಡಗಿ ಆಚಾರ್ರಿಂದ ಎರವಲು ತಂದದ್ದಾಯಿತು. ಅವರದು ನನ್ನದಕ್ಕಿಂತ ಹಿರಿಯದು; ಎಷ್ಟೋ ಮನೆಯ ಬೀರು ಬಾಗಿಲು ಕಂಡದ್ದು.

ಬ್ಯಾಟರಿಯನ್ನು ಸೈಕಲ್ಲಿಗೆ ಕೂರಿಸಲು ಅಡಾಪ್ಟರ್ ಎಂಬ ದಲ್ಲಾಳಿ ಬೇಕು. ಥ್ರೀಡಿ ಪ್ರಿಂಟರಿನಲ್ಲಿ ಅಚ್ಚಾದ ಪ್ಲಾಸ್ಟಿಕ್ ತಟ್ಟೆ, ಎರಡು ಲೋಹದ ನಾಲಗೆ, ಕೆಂಪು ಕಪ್ಪು ವೈರು. ನಡುವೆ ಫ್ಯೂಸ್ ಇರಲೇಬೇಕು. ಇಲ್ಲದಿದ್ದರೆ ವೈರೇ ಫ್ಯೂಸಿನ ಕೆಲಸ ವಹಿಸಿಕೊಳ್ಳುತ್ತದೆ. ಏಣಿಯ ಮೇಲಿಂದ ಬಿದ್ದರೂ ತಾಳಲೆಂದು ಬ್ಯಾಟರಿಯ ಕವಚ ದಪ್ಪಗಿರುತ್ತದೆ, ಆದರೆ ನಮ್ಮ ರಸ್ತೆಯ ಗುಂಡಿಗಳನ್ನು ಅದರ ಕ್ಲಿಪ್ಪಿನ ವಿನ್ಯಾಸಕಾರ ಕನಸಿನಲ್ಲೂ ಕಂಡವನಲ್ಲ. ಒಂದು ಪಟ್ಟಿ ಸುತ್ತಿ ಬಿಗಿಯುವುದು ಕ್ಷೇಮ.

ಭೇದಾಭೇದ ವಿಚಾರ

ಎರಡು ಬ್ಯಾಟರಿ ಸೀರೀಸಿನಲ್ಲಿ ಕೂಡಿದಾಗ ಅದು ಒಂದೋ, ಎರಡೋ? ನೋಡಲು ಇದು ಕಾಲಹರಣದ ಪ್ರಶ್ನೆ. ಆದರೆ ಸೈಕಲ್ಲಿಗೆ ಬೆಂಕಿ ಬೀಳುವುದೂ ಬೀಳದಿರುವುದೂ ಇದರ ಉತ್ತರವನ್ನೇ ಅವಲಂಬಿಸಿದೆ.

ಸೈಕಲ್ಲಿನ ಕಂಟ್ರೋಲರ್ ಪಕ್ಕಾ ಅದ್ವೈತಿ. ಅದಕ್ಕೆ ಕಾಣುವುದು ಎರಡು ತುದಿಗಳ ನಡುವಿನ ಒಟ್ಟು ವೋಲ್ಟೇಜು ಮಾತ್ರ. ನಡುವೆ ಇರುವ ಭೇದವೆಲ್ಲ ಅದರ ಪಾಲಿಗೆ ಮಿಥ್ಯೆ. ಒಟ್ಟು ಸುಮಾರು 30 ವೋಲ್ಟಿಗೆ ಇಳಿದಾಗ ಮೋಟರು ನಿಲ್ಲಿಸುವಂತೆ ಅದಕ್ಕೆ ಹೇಳಿಕೊಟ್ಟಿದ್ದಾರೆ ಎನ್ನೋಣ. 30ನ್ನು ಹತ್ತು ಸೆಲ್‌ಗೆ ಹಂಚಿದರೆ ತಲಾ 3, ಎಲ್ಲರೂ ಕ್ಷೇಮ. ಆದರೆ ಈ 30, ಹೊಸ ಬ್ಯಾಟರಿಯ ಹದಿನೇಳೂವರೆ ಮತ್ತು ಆಚಾರ್ರ ಬ್ಯಾಟರಿಯ ಹನ್ನೆರಡೂವರೆ ಸೇರಿಯೂ ಆಗಬಹುದಲ್ಲವೇ? ಆಗ ಹೊಸದರ ಸೆಲ್‌ಗಳು 3.5ರಲ್ಲಿ ಹಾಯಾಗಿವೆ, ಹಳೆಯದರ ಸೆಲ್‌ಗಳು 2.5ಕ್ಕೆ ಕುಸಿದು ಕೊನೆಯುಸಿರು ಎಳೆಯುತ್ತಿವೆ. ಇನ್ನಷ್ಟು ಎಳೆದರೆ ಸೆಲ್ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮುಂದೆ ಚಾರ್ಜು ಮಾಡುವಾಗ ಆ ತಾಮ್ರವೇ ಒಳಗೊಳಗೆ ಶಾರ್ಟ್ ಆಗಲು ದಾರಿ. ಪೂರ್ತಿ ಬರಿದಾದ ಬ್ಯಾಟರಿಯ ಮೂಲಕ ಇನ್ನೊಂದರ ಕರೆಂಟು ಹರಿಯುತ್ತಲೇ ಹೋದರೆ ಅದರ ಧನ ಋಣಗಳೇ ತಲೆಕೆಳಗಾಗುತ್ತವೆ. ಕಂಟ್ರೋಲರ್ ಮಾತ್ರ ಸರ್ವಂ ಮೂವತ್ತುಮಯಂ ಎಂದು ನಿಶ್ಚಿಂತೆಯಿಂದ ಕೂತಿರುತ್ತದೆ.

ಮಧ್ವಾಚಾರ್ಯರು ಹೇಳಿದ ಪಂಚಭೇದಗಳಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದು, ಅದು ಸತ್ಯ ಕೂಡ. ಒಂದೇ ಕಂಪನಿಯ, ಒಂದೇ ಬಣ್ಣದ ಎರಡು ಬ್ಯಾಟರಿಗಳ ವಿಚಾರದಲ್ಲಿ ಮಲ್ಟಿಮೀಟರ್ ಉಡುಪಿಯ ಪರವಾಗಿಯೇ ತೀರ್ಪು ಕೊಡುತ್ತದೆ. ಶೃಂಗೇರಿಯ ಕಡೆಯವರು ಬೇಸರಿಸಬೇಕಿಲ್ಲ. ವ್ಯವಹಾರದ ಮಟ್ಟದಲ್ಲಿ ಭೇದವನ್ನು ಅವರೂ ಒಪ್ಪುತ್ತಾರೆ, ಮತ್ತು ಬ್ಯಾಟರಿ ವ್ಯವಹಾರದ ಮಟ್ಟದಿಂದ ಮೇಲೇರಿದ್ದನ್ನು ಯಾರೂ ಕಂಡಿಲ್ಲ.

ವಿವೇಕ ಎಲ್ಲಿದೆ?

ಇಲ್ಲೊಬ್ಬ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಇಷ್ಟೊಂದು ಭಯವೇಕೆ? ಡ್ರಿಲ್ಲಿನಲ್ಲಿ ಬಳಸುವಾಗ ಚಾರ್ಜು ಇಳಿದರೆ ತಾನಾಗಿ ನಿಲ್ಲುತ್ತದಲ್ಲ, ಬ್ಯಾಟರಿಗೆ ತನ್ನ ಮಿತಿ ಗೊತ್ತಿದೆ ಎಂದಾಯಿತಲ್ಲ?

ಇಲ್ಲ. ಇಡೀ ಶಾಸ್ತ್ರದ ತಿರುಳು ಇದೇ. ನಿಲ್ಲಿಸುವ ತೀರ್ಮಾನ ಎಷ್ಟೋ ಕಂಪನಿಗಳ ಬ್ಯಾಟರಿಯಲ್ಲಿಲ್ಲ, ಡ್ರಿಲ್ಲಿನಲ್ಲಿದೆ. ಬ್ಯಾಟರಿಯ ಬೆನ್ನಿನಲ್ಲಿ ಧನ, ಋಣಗಳಲ್ಲದೆ ಬೇರೆ ಪುಟ್ಟ ತುದಿಗಳೂ ಇರುತ್ತವೆ. ಸೆಲ್ ಇಳಿಯಿತು, ಬಿಸಿಯಾಯಿತು ಎಂಬ ಸಮಾಚಾರ ಅಲ್ಲಿಂದ ಡ್ರಿಲ್ಲಿಗೆ ಹೋಗುತ್ತದೆ. ಕೇಳಿಸಿಕೊಂಡು ಕೈಬಿಡುವುದು ಡ್ರಿಲ್. ಅಡಾಪ್ಟರ್ ಹಾಕುವ ನಾವು ದಪ್ಪ ತುದಿಗಳೆರಡನ್ನು ಹಿಡಿದು, ಆ ಪುಟ್ಟ ತುದಿಗಳನ್ನು ಗಾಳಿಗೆ ಬಿಡುತ್ತೇವೆ. ಬ್ಯಾಟರಿ ಸಾಕು ಸಾಕು ಎನ್ನುತ್ತಿದೆ, ಕೇಳುವವರಿಲ್ಲ. ಶಂಕರಾಚಾರ್ಯರು ಅಮರುಕ ರಾಜನ ದೇಹ ಹೊಕ್ಕಾಗ ಮೈಮರೆವು ಕವಿದು, ಶಿಷ್ಯರು ಹೋಗಿ ಎಚ್ಚರಿಸಬೇಕಾಯಿತೆಂದು ಕಥೆ. ಸೈಕಲ್ಲೆಂಬ ಪರಕಾಯ ಹೊಕ್ಕ ಬ್ಯಾಟರಿಗೂ ಅಂಥ ಶಿಷ್ಯ ಬೇಕು: ಒಂದೊಂದು ಬ್ಯಾಟರಿಗೂ ಬೇರೆ ಬೇರೆಯಾಗಿ, ವೋಲ್ಟೇಜು ಇಳಿದ ಕೂಡಲೇ ಕರೆಂಟು ಕಡಿಯುವ ಚಿಕ್ಕ ಬೋರ್ಡು. ಅದ್ವೈತಿ ಕಂಟ್ರೋಲರನ್ನು ನಂಬಿ ಇದನ್ನು ಬಿಟ್ಟವರು ತಮ್ಮ ಬ್ಯಾಟರಿಗೆ ತಾವೇ ಕೈಯಾರೆ ತರ್ಪಣ ಬಿಟ್ಟಂತೆ. ಅತಿಯಾಗಿ ಬರಿದಾದ ಬ್ಯಾಟರಿಯನ್ನು ಚಾರ್ಜರ್ ದೀಪ ಮಿಟುಕಿಸಿ ತಿರಸ್ಕರಿಸುತ್ತದೆ. ಇನ್ನೊಂದು ಬ್ಯಾಟರಿಯಿಂದ ವೈರು ಎಳೆದು ಅದನ್ನು ಎಬ್ಬಿಸುವ ಮಾಂತ್ರಿಕರೂ ಇದ್ದಾರೆ. ಶಾಸ್ತ್ರ ಅವರನ್ನು ಅನುಮೋದಿಸುವುದಿಲ್ಲ.

ಮಕೀಟಾ ಕಂಪನಿ ಬ್ಯಾಟರಿಯಿಂದ ನಡೆಯುವ ಕಾಫಿ ಯಂತ್ರ, ರೇಡಿಯೋ, ಬಿಸಿ ಜಾಕೆಟ್ಟು, ಕೈಗಾಡಿ ಎಲ್ಲ ಮಾಡಿದ ಮೇಲೆ, ಜಪಾನಿನಲ್ಲಿ ತನ್ನ 18 ವೋಲ್ಟಿನ ಬ್ಯಾಟರಿಯಿಂದಲೇ ಓಡುವ ಮಡಚುವ ಸೈಕಲ್ಲನ್ನೂ ಮಾರಿತು. ಸ್ವಂತಿಕೆಯ ಹಂಬಲವಿರುವ ಸಂಶೋಧಕನಿಗೆ ಇದು ಸಂಕಟದ ಸಂಗತಿ. ಆದರೆ ನಮ್ಮ ಸಿದ್ಧಾಂತಕ್ಕೆ ಇದು ಪುಷ್ಟಿಯನ್ನೇ ಕೊಡುತ್ತದೆ: ಅಲ್ಲಿ ಬ್ಯಾಟರಿಯ ಭಾಷೆ ಸೈಕಲ್ಲಿಗೆ ಬರುತ್ತದೆ, ಯಾಕೆಂದರೆ ಎರಡಕ್ಕೂ ಕಲಿಸಿದ ಗುರು ಒಬ್ಬನೇ. ಒಂದೇ ಬ್ಯಾಟರಿಯಾದ್ದರಿಂದ ದ್ವೈತದ ಜಗಳವೂ ಇಲ್ಲ.

ಪ್ರಮಾಣ ಭಾಗ

18 ವೋಲ್ಟು, 5 ಆಂಪಿಯರ್-ಅವರ್ ಎಂದರೆ 90 ವ್ಯಾಟ್-ಅವರ್. ಎರಡಕ್ಕೆ 180. ಪೆಡಲ್ ಮುಟ್ಟದೆ ಓಡಿಸುವ ಸೋಮಾರಿಗೆ ಕಿಲೋಮೀಟರಿಗೆ 10ರಿಂದ 15 ವ್ಯಾಟ್-ಅವರ್ ಬೇಕು. ಅಲ್ಲಿಗೆ 12ರಿಂದ 18 ಕಿಲೋಮೀಟರು. ಜಯನಗರದಿಂದ ಮಲ್ಲೇಶ್ವರಕ್ಕೆ ಹೋಗುವುದು ಪ್ರಮಾಣಸಿದ್ಧ. ವಾಪಸು ಬರುವುದು ಶ್ರದ್ಧೆಯ ವಿಷಯ. ಡ್ರಿಲ್ಲು ಹತ್ತು ಸೆಕೆಂಡು ಗರ್ಜಿಸಿ ನಿಮಿಷಗಟ್ಟಲೆ ಸುಮ್ಮನಿರುವ ಜೀವಿ. ಸೈಕಲ್ಲು 250 ವ್ಯಾಟ್ ಲೆಕ್ಕದಲ್ಲಿ ಸುಮಾರು 7 ಆಂಪಿಯರ್‌ನಂತೆ ಬಿಡುವಿಲ್ಲದೆ ಹೀರುತ್ತಿರುತ್ತದೆ. ಮುಕ್ಕಾಲು ಗಂಟೆಯೊಳಗೆ ಎರಡೂ ಬ್ಯಾಟರಿ ಬರಿದು. ಏರಿನಲ್ಲಿ ಅಡಾಪ್ಟರಿನ ನಾಲಗೆಗಳನ್ನು ಆಗಾಗ ಮುಟ್ಟಿ ನೋಡುವುದು ಪ್ರತ್ಯಕ್ಷ ಪ್ರಮಾಣ. ಸುಟ್ಟ ವಾಸನೆ ಶಬ್ದ ಪ್ರಮಾಣಕ್ಕಿಂತ ಬಲವತ್ತರ.

ಒಂದು ಗುಣವನ್ನು ಮೆಚ್ಚಲೇಬೇಕು. ವಿಮಾನದ ಕೈಚೀಲದಲ್ಲಿ ಬಿಡಿ ಲಿಥಿಯಂ ಬ್ಯಾಟರಿಗೆ ವಿಶೇಷ ಅನುಮತಿಯಿಲ್ಲದ ಮಿತಿ 100 ವ್ಯಾಟ್-ಅವರ್. ಡ್ರಿಲ್ಲಿನ 90 ಅದರೊಳಗೆ ಬರುತ್ತದೆ. ಸೈಕಲ್ಲಿನ ಅಸಲಿ ಬ್ಯಾಟರಿ ಬರುವುದಿಲ್ಲ. ಹೀಗೆ ಸೈಕಲ್ಲಿಲ್ಲದೆ ಅದರ ಶಕ್ತಿಯನ್ನಷ್ಟೇ ದೆಹಲಿಗೆ ಕೊಂಡೊಯ್ಯಬಹುದು.

ರಾಜಶಾಸನ

ಮೋಟರು 0.25 ಕಿಲೋವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇದ್ದರೆ ಭಾರತದಲ್ಲಿ ಅದು ಮೋಟಾರು ವಾಹನವೇ ಅಲ್ಲ. ಲೈಸೆನ್ಸು, ನಂಬರ್ ಪ್ಲೇಟು ಬೇಡ. 10 ವೋಲ್ಟು, 100 ಆಂಪಿಯರ್‌ನ ಲೆಕ್ಕ ಹಾಕಿದ್ದ ಬೋಲ್ಟನ್ ಇಂದು ನಮ್ಮ ಸಿಗ್ನಲ್ಲಿನಲ್ಲಿ ಸಿಕ್ಕಿಬೀಳುತ್ತಿದ್ದ. ಮೋಟರಿನ ಮೇಲೆ ಸರಿಯಾಗಿ 250 ಎಂದೇ ಬರೆದಿದ್ದರೆ ಅದು ಕಡಿಮೆಯೋ ಸಮವೋ ಎಂಬುದನ್ನು ನೈಯಾಯಿಕರಿಗೆ ಬಿಟ್ಟಿದ್ದೇನೆ. ಪೊಲೀಸರಿಗೆ ಬಿಡುವುದು ಬೇಡ.

ಸಂಗತಿ

ಐದನೆಯ ಅಂಗ ಬರೆಯಲು ಕೂತಾಗ ಆಚಾರ್ರು ಬಂದರು. ಹಸ್ತಪ್ರತಿಯ ಭೇದಾಭೇದ ಭಾಗವನ್ನು ಅವರಿಗೆ ಓದಿ ಹೇಳಿದೆ. ನಿಂತೇ ಕೇಳಿದರು, ತಲೆಯನ್ನೂ ಆಡಿಸಿದರು.

"ಎಲ್ಲಾ ಸರಿ ಮೇಷ್ಟ್ರೇ. ನಾಳೆ ಹತ್ತು ಗಂಟೆಗೆ ಕಿಚನ್ ಫಿಟ್ಟಿಂಗ್ ಐತೆ, ನನ್ ಬ್ಯಾಟ್ರಿ ಕೊಡಿ. ಚಾರ್ಜು ನಾನೇ ಹಾಕ್ಕೋತೀನಿ." ಆಮೇಲೆ ಮೆಟ್ಟಿಲ ಕೆಳಗೆ ಬಗ್ಗಿ ನೋಡಿದರು. "ಸೈಕಲ್ಲೇ ಕಾಣಿಸ್ತಿಲ್ವಲ್ಲ. ಮಲ್ಲೇಶ್ವರದಾಗೇ ಬಿಟ್ಟು ಬಸ್ಸಿಗೆ ಬಂದ್ರಾ?"